ಬೆಳ್ಳಿ ಏರಿತು, ರೂಪಾಯಿ ಮಾಯವಾಯಿತು

‘ಆ ಕಾಲದಲ್ಲಿ ರೂಪಾಯಿ ಅಂದರೆ ಅಪ್ಪಟ ಬೆಳ್ಳಿ ಸ್ವಾಮಿ, ಈಗಿನದು ಬರೀ ಕಾಗದ’ ಎಂದು ಓದಿಕೊಂಡವರೂ ಹೇಳುತ್ತಾರೆ. ಐದನೇ ಜಾರ್ಜನ ನಾಣ್ಯದ ಫೋಟೋ ಹಾಕಿ ನಿಟ್ಟುಸಿರು ಬಿಡುವ ವಾಟ್ಸಾಪ್ ಸಂದೇಶಗಳಿಗಂತೂ ಕೊನೆಯಿಲ್ಲ. ಲೋಹ ಇದ್ದರೆ ದುಡ್ಡು ಭದ್ರ ಅನ್ನುವುದು ರಾಹುಕಾಲದಷ್ಟೇ ಗಟ್ಟಿಯಾದ ನಂಬಿಕೆ. ಮೊದಲ ಮಹಾಯುದ್ಧದ ಹೊತ್ತಿನ ಬೊಂಬಾಯಿ ಬಂದರಿನಲ್ಲಿ ಆ ನಂಬಿಕೆ ನೆಲಕಚ್ಚಿತು.

ಆಗಿನ ರೂಪಾಯಿಯ ತೂಕ ಒಂದು ತೊಲ, ಅಂದರೆ 180 ಗ್ರೇನ್. ಅದರಲ್ಲಿ ಶುದ್ಧ ಬೆಳ್ಳಿ 165 ಗ್ರೇನ್. ಸರ್ಕಾರ ಕಟ್ಟಿದ ಬೆಲೆ 16 ಪೆನ್ಸ್, ಹದಿನೈದು ರೂಪಾಯಿಗೆ ಒಂದು ಪೌಂಡು (ಆಗ ಪೌಂಡಿಗೆ 240 ಪೆನ್ಸ್). ಆದರೆ 1915ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ ಹೆಚ್ಚೆಂದರೆ ಸುಮಾರು 27 ಪೆನ್ಸ್ ಇತ್ತು. ಲೆಕ್ಕ ಹಾಕಿದರೆ ಒಂದು ರೂಪಾಯಿಯೊಳಗಿನ ಬೆಳ್ಳಿಗೆ ಹತ್ತೇ ಪೆನ್ಸ್! ಉಳಿದ ಆರು ಪೆನ್ಸ್ ಬರೀ ಸರ್ಕಾರದ ಮಾತು. 1893ರಲ್ಲಿ ಟಂಕಸಾಲೆಗಳು ಖಾಸಗಿಯವರ ಬೆಳ್ಳಿಯನ್ನು ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿದ ಮೇಲೆ ಇದೇ ವ್ಯವಸ್ಥೆ ನಡೆದಿತ್ತು. ಅಪ್ಪಟ ಬೆಳ್ಳಿಯಂತೆ!

ಯುದ್ಧ ಬಂದಾಗ ಹಡಗುಗಳ ಲೆಕ್ಕ ತಲೆಕೆಳಗಾಯಿತು. ಮಾಮೂಲಿ ವರ್ಷಗಳಲ್ಲಿ ಹತ್ತಿ, ಸೆಣಬು, ಗೋಧಿ, ಚರ್ಮ ಹೊರಗೆ ಹೋಗುತ್ತಿದ್ದವು. ಬಟ್ಟೆ, ಯಂತ್ರ, ಚಿನ್ನ, ಬೆಳ್ಳಿ ಒಳಗೆ ಬರುತ್ತಿದ್ದವು. ಈಗ ಇಂಗ್ಲೆಂಡಿನ ಕಾರ್ಖಾನೆಗಳು ಮದ್ದುಗುಂಡು ಮಾಡುತ್ತಿದ್ದವು, ಹಡಗುಗಳು ಸೈನ್ಯದ ಪಾಲಾಗಿದ್ದವು. 1914ರಲ್ಲಿ ಜರ್ಮನರ ಯುದ್ಧನೌಕೆ ಎಮ್ಡೆನ್ ಬಂಗಾಳ ಕೊಲ್ಲಿಯಲ್ಲಿ ಸರಕಿನ ಹಡಗುಗಳನ್ನು ಬೇಟೆಯಾಡಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿತ್ತು. 1917ರ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬೆಳ್ಳಿ ತರುತ್ತಿದ್ದ ಮಂಟೋಲಾ ಹಡಗು ಸಬ್‌ಮರೀನಿಗೆ ಬಲಿಯಾಗಿ ಅಟ್ಲಾಂಟಿಕ್ ತಳ ಸೇರಿತು. ಹೀಗೆ ಒಳಬರುವ ಸರಕು ಕುಗ್ಗಿತು. ಹೊರಹೋಗುವ ಸರಕಿಗೆ ಮಾತ್ರ ಎಲ್ಲಿಲ್ಲದ ಬೇಡಿಕೆ.

ದುಡ್ಡು ಹೇಗೆ ಸಂದಾಯವಾಗುತ್ತಿತ್ತು? ಲಂಡನ್ನಿನ ವ್ಯಾಪಾರಿ ಪೌಂಡು ಕಟ್ಟಿ ಅಲ್ಲಿನ ಭಾರತ ಕಚೇರಿಯಿಂದ ಕೌನ್ಸಿಲ್ ಬಿಲ್ ಕೊಳ್ಳುತ್ತಿದ್ದ. ನಮ್ಮ ಹುಂಡಿಯಂಥದ್ದೇ ಕಾಗದ ಅದು. ಅದನ್ನು ಬೊಂಬಾಯಿಯಲ್ಲೋ ಕಲ್ಕತ್ತೆಯಲ್ಲೋ ತೋರಿಸಿದರೆ ರೂಪಾಯಿ ಸಿಗುತ್ತಿತ್ತು. ಪೌಂಡು ಅಲ್ಲೇ ಉಳಿಯಿತು, ರೂಪಾಯಿ ಇಲ್ಲಿ ಕೈಬಿಡಬೇಕಾಯಿತು. ಸಾಲದ್ದಕ್ಕೆ ಬ್ರಿಟನ್ನಿನ ಪರವಾಗಿ ಭಾರತ ಸರ್ಕಾರ 1919ರ ಕೊನೆಯೊಳಗೆ ಸುಮಾರು 24 ಕೋಟಿ ಪೌಂಡಿನಷ್ಟು ಯುದ್ಧದ ಖರ್ಚು ಇಲ್ಲಿಂದಲೇ ಮಾಡಿತು. ಮೆಸೊಪೊಟೇಮಿಯಾಕ್ಕೆ ಸೈನ್ಯ ಬೊಂಬಾಯಿಯಿಂದ ಹೊರಟಾಗ ಅದರ ಹಿಂದೆಯೇ ರೂಪಾಯಿಯೂ ಹೋಯಿತು. ಬಸ್ರಾದ ಅಂಗಡಿಗಳಲ್ಲೂ ನಮ್ಮ ರೂಪಾಯಿ ಚಲಾವಣೆಗೆ ಬಂತು.

ಅಷ್ಟು ರೂಪಾಯಿ ಹೊಡೆಯಲು ಬೆಳ್ಳಿ ಎಲ್ಲಿಂದ ತರುವುದು? ಮೆಕ್ಸಿಕೋ ಗಣಿಗಳು ಅಲ್ಲಿನ ಕ್ರಾಂತಿಯಲ್ಲಿ ಸೊರಗಿದ್ದವು. ಬೆಳ್ಳಿ ಮಾರುತ್ತಿದ್ದ ಚೀನಾ ಈಗ ಕೊಳ್ಳತೊಡಗಿತ್ತು. ಬೆಲೆ ಏರಿತು. ನನಗೆ ಅತಿ ಇಷ್ಟವಾದ ಭಾಗ ಇಲ್ಲಿಂದ ಶುರು.

ಲಂಡನ್ನಿನ ಔನ್ಸಿನಲ್ಲಿ ಶುದ್ಧ ಬೆಳ್ಳಿ 444 ಗ್ರೇನ್. 165ನ್ನು 444ರಿಂದ ಭಾಗಿಸಿ, 43ರಿಂದ ಗುಣಿಸಿ. 16 ಬರುತ್ತದೆ. ಅಂದರೆ ಬೆಳ್ಳಿ ಔನ್ಸಿಗೆ 43 ಪೆನ್ಸ್ ಮುಟ್ಟಿದ ದಿನ ರೂಪಾಯಿಯೂ ಅದರೊಳಗಿನ ಬೆಳ್ಳಿಯೂ ಒಂದೇ ಬೆಲೆ. ಅದರಾಚೆ ನಾಣ್ಯಕ್ಕಿಂತ ಕರಗಿಸಿದ ಬೆಳ್ಳಿ ಗಟ್ಟಿಯೇ ಲಾಭ. ಗೋಲಿಸೋಡಾ ಬಾಟಲಿಗೆ ಅಂಗಡಿಯವನು ಹತ್ತು ರೂಪಾಯಿ ಡಿಪಾಜಿಟ್ ಇಟ್ಟುಕೊಂಡಿದ್ದಾನೆ, ಗುಜರಿಯವನು ಅದಕ್ಕೇ ಹನ್ನೆರಡು ಕೊಡುತ್ತಾನೆ ಅಂದುಕೊಳ್ಳಿ. ಯಾವ ಬಾಟಲಿ ತಾನೇ ಅಂಗಡಿಗೆ ವಾಪಸಾದೀತು? ಸೋಡಾ ವ್ಯಾಪಾರವೇ ನಿಂತುಹೋಗುತ್ತದೆ, ಅಲ್ವಾ? 1917ರ ಆಗಸ್ಟಿನಲ್ಲಿ ಬೆಳ್ಳಿ 43 ದಾಟಿತು. ಸೆಪ್ಟೆಂಬರಿನಲ್ಲಿ 55 ಮುಟ್ಟಿತು. ನಾಣ್ಯ ಕರಗಿಸುವುದು ಅಪರಾಧ ಎಂದು ಜೂನ್‌ನಲ್ಲೇ ಆಜ್ಞೆಯಾಗಿತ್ತು, ಸರಿ. ಆದರೆ ಊರೂರಿನ ಅಕ್ಕಸಾಲಿಗರ ಕುಲುಮೆ ಮುಂದೆ ಪೊಲೀಸರನ್ನು ಕೂರಿಸಲು ಆದೀತೇ?

ಹಾಗಾಗಿ ಸರ್ಕಾರ ರೂಪಾಯಿಯ ಬೆಲೆಯನ್ನೇ ಏರಿಸಿತು. 1917ರ ಆಗಸ್ಟ್ 28ಕ್ಕೆ 17 ಪೆನ್ಸ್. ಈಗ ಕರಗಿಸುವ ಗಡಿ 43ರಿಂದ ಸುಮಾರು 46ಕ್ಕೆ ಸರಿಯಿತು. 1918ರ ಏಪ್ರಿಲ್‌ನಲ್ಲಿ 18 ಪೆನ್ಸ್, ಗಡಿ 48. ಹೀಗೇ ಬೆಳ್ಳಿಯ ಹಿಂದೆ ಓಡಿ ಓಡಿ 1919ರ ಡಿಸೆಂಬರಿಗೆ 28 ಪೆನ್ಸ್, ಗಡಿ 75. ಬೆಳ್ಳಿ ಅಲ್ಲೂ ನಿಲ್ಲದೆ 1920ರ ಫೆಬ್ರವರಿಯಲ್ಲಿ 89 ದಾಟಿತು.

ಅಷ್ಟರಲ್ಲಿ ಕಾಗದ ಬಂದಿತ್ತು. 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು, ಮರು ಜನವರಿಯಲ್ಲಿ ಎರಡೂವರೆ ರೂಪಾಯಿ ನೋಟು. ಜನ ನಂಬಲಿಲ್ಲ. ಎಷ್ಟೋ ಕಡೆ ವಟ್ಟ, ಅಂದರೆ ಮುಖಬೆಲೆಯಲ್ಲಿ ಒಂದಷ್ಟು, ಕಳೆದೇ ನೋಟು ತೆಗೆದುಕೊಳ್ಳುತ್ತಿದ್ದರು. 1918ರ ವಸಂತದಲ್ಲಿ ಜರ್ಮನರು ಫ್ರಾನ್ಸಿನಲ್ಲಿ ಮುನ್ನುಗ್ಗಿದ ಸುದ್ದಿ ಬಂದದ್ದೇ ತಡ, ಬೊಂಬಾಯಿಯ ಕರೆನ್ಸಿ ಕಚೇರಿ ಮುಂದೆ ನೋಟು ಹಿಡಿದು ನಾಣ್ಯ ಕೇಳುವವರು ಮುಗಿಬಿದ್ದರು. ಜೂನ್ ಹೊತ್ತಿಗೆ ಸರ್ಕಾರದ ಬಳಿ ಉಳಿದ ರೂಪಾಯಿ ನಾಣ್ಯ ಸುಮಾರು 4 ಕೋಟಿ.

ಉಳಿಸಿದ್ದು ಅಮೆರಿಕದ ಪಿಟ್‌ಮನ್ ಕಾಯಿದೆ. 1918ರ ಏಪ್ರಿಲ್ 23ಕ್ಕೆ ಅದು ಪಾಸಾಯಿತು. ಖಜಾನೆಯಲ್ಲಿ ಸುಮ್ನೆ ಬಿದ್ದಿದ್ದ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕೆ ಮಾರಿದರು. ಜುಲೈನಿಂದ ಗಟ್ಟಿಗಳು ಬರತೊಡಗಿದವು. ಪಿಟ್‌ಮನ್ ಸಾಹೇಬರು ನೆವಾಡಾದ ಸೆನೆಟರ್. ಅದು ಬೆಳ್ಳಿ ಗಣಿಗಳ ರಾಜ್ಯ. ಮಾರಿದಷ್ಟನ್ನು ಮುಂದೆ ಅಮೆರಿಕದ ಗಣಿಗಳಿಂದಲೇ ಔನ್ಸಿಗೆ ಒಂದು ಡಾಲರಿನಂತೆ ಮತ್ತೆ ಕೊಳ್ಳಬೇಕು ಎಂಬ ಷರತ್ತನ್ನೂ ಅವರು ಸೇರಿಸಿದ್ದರು. ಜಾಣತನ ಅಂದರೆ ಇದು!

ನಮ್ಮ ಕೋಲಾರದ ಚಿನ್ನವೂ ಈ ಸುಳಿಗೆ ಸಿಕ್ಕಿತು. ಯುದ್ಧಕ್ಕೆ ಮುಂಚೆ ಅದು ಲಂಡನ್ನಿನ ದಾರಿ ಹಿಡಿಯುತ್ತಿತ್ತು. ಈಗ ಸರ್ಕಾರ ಅದನ್ನು ಇಲ್ಲೇ ಕೊಂಡಿತು. ಬೆಳ್ಳಿಯ ಬರ ನೀಗಲು 1918ರಲ್ಲಿ ಬೊಂಬಾಯಿ ಟಂಕಸಾಲೆ 15 ರೂಪಾಯಿಯ ಚಿನ್ನದ ಮೊಹರು ಹೊಡೆಯಿತು. ಅದೇ ವರ್ಷ ಲಂಡನ್ನಿನ ರಾಯಲ್ ಮಿಂಟ್ ಬೊಂಬಾಯಿಯಲ್ಲೇ ಶಾಖೆ ತೆರೆದು ಸವರನ್ನುಗಳನ್ನೂ (ಒಂದು ಪೌಂಡಿನ ಚಿನ್ನದ ನಾಣ್ಯ) ಹೊಡೆಯಿತು.

1920ರ ಫೆಬ್ರವರಿಯಲ್ಲಿ ರೂಪಾಯಿಗೆ ಚಿನ್ನದ ಲೆಕ್ಕದಲ್ಲಿ ಎರಡು ಷಿಲ್ಲಿಂಗ್ (ಷಿಲ್ಲಿಂಗಿಗೆ 12 ಪೆನ್ಸ್) ಎಂದು ಸರ್ಕಾರ ನಿಗದಿ ಮಾಡಿದ್ದೇ ತಡ, ಬೆಳ್ಳಿ ಜಾರತೊಡಗಿತು. 1921ರ ಹೊತ್ತಿಗೆ ರೂಪಾಯಿ ಹಳೆಯ 16 ಪೆನ್ಸಿಗಿಂತಲೂ ಕೆಳಗೆ. ಏರಿದ ದರ ನಂಬಿ ಇಂಗ್ಲೆಂಡಿನಿಂದ ಸರಕು ತರಿಸಿದ ವ್ಯಾಪಾರಿಗಳಲ್ಲಿ ಎಷ್ಟೋ ಜನ ಬಂದರಿಗೆ ಬಂದ ಮಾಲು ಬಿಡಿಸಿಕೊಳ್ಳಲೇ ಇಲ್ಲ. ಎರಡನೇ ಯುದ್ಧದಲ್ಲಿ ಸರ್ಕಾರ ಕಾಯುತ್ತಾ ಕೂರಲಿಲ್ಲ. 1940ರಲ್ಲೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ಒಂದು ರೂಪಾಯಿ ನೋಟನ್ನು ಮತ್ತೆ ತಂದಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್.