ಸೊಪ್ಪಿನ ಹೆಸರು ಕೇಳಿ ಬರೆದುಕೊಳ್ಳುವಾಗ

ಸಾಂಸ್ಕೃತಿಕ ಮಾನವಶಾಸ್ತ್ರದ ವಿದ್ಯಾರ್ಥಿಯನ್ನು ಮೊದಲ ಸಲ ಕ್ಷೇತ್ರಕ್ಕೆ ಕಳಿಸುವಾಗ ಕೈಗೆ ಪ್ರಶ್ನಾವಳಿ ಕೊಡಬೇಡಿ. ಅದನ್ನು ಬರೆಯುವಾಗಲೇ ನಮ್ಮ ವಿಂಗಡಣೆ ಒಳಗೆ ಸೇರಿಬಿಟ್ಟಿರುತ್ತದೆ. ಮೊದಲು ಫ್ರೀ ಲಿಸ್ಟಿಂಗ್ ಕಲಿಸಿ: ಒಂದು ವಿಷಯ ಹಿಡಿದು, ಗೊತ್ತಿರುವ ಹೆಸರನ್ನೆಲ್ಲ ಹೇಳಿಸಿ, ಹೇಳಿದ ಕ್ರಮದಲ್ಲೇ ಬರೆದುಕೊಳ್ಳುವುದು.

ಕೋಲಾರದ ಕಡೆ ಮಳೆ ಬಿದ್ದ ಮೇಲೆ ಹೊಲದಲ್ಲಿ ಕೊಯ್ದು ತರುವ ಬೆರಕೆ ಸೊಪ್ಪನ್ನೇ ತೆಗೆದುಕೊಳ್ಳಿ. 'ಯಾವ ಸೊಪ್ಪು ತಿಂತೀರಿ?' ಎಂದರೆ ಈ ವಾರ ಮಾಡಿದ ಸಾರಿನ ಸುದ್ದಿ ಬರುತ್ತದೆ. 'ನಿಮಗೆ ಗೊತ್ತಿರೋ ಸೊಪ್ಪಿನ ಹೆಸರೆಲ್ಲ ಹೇಳಿ' ಎನ್ನಬೇಕು. ಧಾರವಾಡದ ಕಡೆ ಕೇಳುವುದಾದರೆ 'ತಪ್ಪಲ ಪಲ್ಯ' ಎಂಬ ಮಾತನ್ನೂ ಮೊದಲೇ ವಿಚಾರಿಸಿಟ್ಟುಕೊಳ್ಳಿ, ಪ್ರಶ್ನೆಯ ಪದವೇ ತಪ್ಪಿದರೆ ಪಟ್ಟಿಯೂ ತಪ್ಪುತ್ತದೆ.

ಒಬ್ಬೊಬ್ಬರನ್ನೇ ಕೇಳಬೇಕು. ಜಗಲಿಯಲ್ಲಿ ನಾಲ್ಕು ಜನ ಕೂತರೆ ಅತ್ತೆ ಹೇಳಿದ್ದನ್ನೇ ಸೊಸೆ ಹೇಳುತ್ತಾಳೆ. ಅಡುಗೆಮನೆಯಲ್ಲಿ ಕೂತರೆ ಕಣ್ಣಿಗೆ ಬಿದ್ದ ಕಟ್ಟು ಮೊದಲು ಬಾಯಿಗೆ ಬರುತ್ತದೆ. ಇಪ್ಪತ್ತರಿಂದ ಮೂವತ್ತು ಜನರ ಪಟ್ಟಿ ಸಾಮಾನ್ಯವಾಗಿ ಸಾಕು.

ತುಂಬ ಜನ ಬಿಟ್ಟುಬಿಡುವುದು ವಿರಾಮವನ್ನು. ಹೇಳುವವರು ತಡೆದು ಯೋಚಿಸಿದ ಕಡೆ ಒಂದು ಓರೆ ಗೆರೆ ಎಳೆಯಿರಿ:

ದಂಟು, ಮೆಂತ್ಯ, ಸಬ್ಬಸಿಗೆ / ಅಣ್ಣೆ, ಗೋಣಿ, ಹೊನಗೊನ್ನೆ / ನುಗ್ಗೆ

ಗೆರೆಯ ಆಚೆ ಈಚೆ ನೋಡಿ. ಮೊದಲು ಬಿತ್ತಿ ಬೆಳೆಯುವುದು, ಆಮೇಲೆ ತಾನಾಗಿ ಹುಟ್ಟುವುದು, ಕೊನೆಗೆ ಮರದ್ದು. ಇಂಥ ಗುಂಪು ಹಲವರ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದರೆ ಆ ಊರಿನವರ ವಿಂಗಡಣೆಯ ಮೊದಲ ಸುಳಿವು ಸಿಕ್ಕಿತೆಂದೇ ಲೆಕ್ಕ.

ಮಾತು ನಿಂತಾಗ ಬರೆದದ್ದನ್ನು ನಿಧಾನವಾಗಿ ಓದಿ ಹೇಳಿ, 'ಇನ್ನೇನಾದರೂ?' ಎನ್ನಿ. ಒಂದೂ ಹೆಸರು ನೀವಾಗಿ ಎತ್ತಿಕೊಡಬೇಡಿ. ಆಮೇಲೆ ಬಂದದ್ದನ್ನು ಅಡ್ಡಗೆರೆಯ ಕೆಳಗೆ ಬರೆಯಿರಿ, ಅದು ನೆನಪಿಸಿದ ಮೇಲೆ ಬಂದ ಹೆಸರು. ಕೇಳಿದ ಹೆಸರನ್ನು ಬರೆಯುವಾಗಲೇ ತಿದ್ದುವ ಚಟ ಬೇಡವೇ ಬೇಡ. ಗಣಿಕೆ, ಕಾಶಿಸೊಪ್ಪು ಎರಡೂ ಒಂದೇ ಗಿಡವೋ ಎಂದು ಆ ಊರಿನವರನ್ನೇ ಗಿಡ ತೋರಿಸಿ ಕೇಳಿ, ಖಾತ್ರಿಯಾದ ಮೇಲೆ ಕೂಡಿಸಿ. ಮೂಲ ಪಟ್ಟಿ ಹಾಗೇ ಇರಲಿ.

ಇನ್ನು ಸ್ಮಿತ್ ಸೂಚ್ಯಂಕ, ಅಂದರೆ ಒಂದು ಹೆಸರನ್ನು ಎಷ್ಟು ಜನ, ಎಷ್ಟು ಬೇಗ ಹೇಳಿದರು ಎಂಬುದನ್ನು ಸೇರಿಸಿ ತೋರಿಸುವ ಅಂಕಿ. ಪಟ್ಟಿಯ ಉದ್ದದಿಂದ ಹೆಸರಿನ ಸ್ಥಾನ ಕಳೆದು, ಒಂದು ಕೂಡಿಸಿ, ಉದ್ದದಿಂದಲೇ ಭಾಗಿಸಿ. ಒಂದೇ ಸೊಪ್ಪು ಒಬ್ಬರ ಹತ್ತರ ಪಟ್ಟಿಯಲ್ಲಿ ಮೊದಲನೆಯದಾದರೆ 1, ಇನ್ನೊಬ್ಬರ ಎಂಟರ ಪಟ್ಟಿಯಲ್ಲಿ ಐದನೆಯದಾದರೆ 0.5, ಹೇಳದೇ ಇದ್ದವರಿಂದ ಸೊನ್ನೆ. ಈ ಮೂವರ ಸರಾಸರಿ 0.5. ಸೊನ್ನೆಯವರನ್ನು ಕೈಬಿಟ್ಟು ಭಾಗಿಸಿದರೆ 0.75 ಬಂದು ಅಪರೂಪದ ಸೊಪ್ಪೂ ಮುಖ್ಯವಾಗಿ ಕಾಣುತ್ತದೆ, ಆಗುವ ತಪ್ಪು ಹೆಚ್ಚಾಗಿ ಇದೇ. ಹಾಗೆಂದು ಒಬ್ಬರೇ ಹೇಳಿದ ಹೆಸರನ್ನು ಕಸವೆಂದು ಎಸೆಯಬೇಡಿ, ಅದು ದನ ಮೇಯಿಸುವವರ ಜ್ಞಾನವಿರಬಹುದು.

ಸೂಚ್ಯಂಕದಲ್ಲಿ ಮೇಲೆ ಬಂದ ಇಪ್ಪತ್ತು–ಮೂವತ್ತು ಹೆಸರು ಪೈಲ್ ಸಾರ್ಟಿಂಗಿಗೆ, ಅಂದರೆ ಒಂದಕ್ಕೊಂದು ಹೋಲುವ ಹೆಸರಿನ ಕಾರ್ಡುಗಳನ್ನು ಅವರಿಂದಲೇ ಗುಂಪು ಮಾಡಿಸುವ ಕೆಲಸಕ್ಕೆ, ಹೋಗುತ್ತವೆ. ಓದು ಬಾರದವರಿಗೆ ಫೋಟೋ ಕಾರ್ಡು ಮಾಡಿ, ಹಿಂದೆ ಸಂಖ್ಯೆ ಹಾಕಿ. ಎಲೆಯನ್ನೇ ಇಡೋಣವೆಂದರೆ, ಕೊಯ್ದದ್ದು ಮಧ್ಯಾಹ್ನದೊಳಗೆ ಬಾಡಿ ಗುರುತೇ ಸಿಗುವುದಿಲ್ಲ. ಎಷ್ಟು ಗುಂಪು ಮಾಡಬೇಕೆಂದು ನೀವು ಹೇಳಬೇಡಿ. ಯಾಕೆ ಹೀಗೆ ಇಟ್ಟಿರಿ ಎಂದು ಕೇಳುವುದು ಎಲ್ಲ ಕಾರ್ಡು ಇಟ್ಟು ಮುಗಿದ ಮೇಲೆ.