ಸುಮ್ನೆ ಕೂತ್ರೂ 2028ಕ್ಕೆ ಬಿಜೆಪಿ-ಜೆಡಿಎಸ್‌ಗೆ ಅಧಿಕಾರ ಬರುತ್ತಾ?

ಓದುಗರ ಪ್ರಶ್ನೆ: 1985ರಿಂದ ಈಚೆಗೆ ಕರ್ನಾಟಕದಲ್ಲಿ ಆಡಳಿತ ಪಕ್ಷ ಮತ್ತೆ ಗೆದ್ದೇ ಇಲ್ಲ ಅಂತಾರೆ. ಈಗ ಬಿಜೆಪಿ, ಜೆಡಿಎಸ್ ಬೇರೆ ಒಂದಾಗಿವೆ. ಹಾಗಾದ್ರೆ ಮುಂದಿನ ವಿಧಾನಸಭೆ ಚುನಾವಣೆ ಅವರು ಗೆದ್ದ ಹಾಗೇ ಅಲ್ವಾ?

ಮೊದಲ ಮಾತು ನಿಜ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ 139 ಸೀಟು ಗೆದ್ದು ಅಧಿಕಾರ ಉಳಿಸಿಕೊಂಡಿತ್ತು. ಆಮೇಲೆ ಆ ಯೋಗ ಯಾರಿಗೂ ಬಂದಿಲ್ಲ. ಆದರೆ ಆ ಸೋಲುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. 1989ಕ್ಕೆ ಮುಂಚೆ ಜನತಾ ಪರಿವಾರ ಒಡೆದಿತ್ತು. 1994ಕ್ಕೆ ಮುಂಚೆ ಕಾಂಗ್ರೆಸ್ ಒಂದೇ ಅವಧಿಯಲ್ಲಿ ವೀರೇಂದ್ರ ಪಾಟೀಲ್, ಬಂಗಾರಪ್ಪ, ಮೊಯಿಲಿ ಅಂತ ಮೂವರನ್ನು ಮುಖ್ಯಮಂತ್ರಿ ಮಾಡಿತ್ತು. 1999ಕ್ಕೆ ಜನತಾದಳ ಮತ್ತೆ ಹೋಳಾಯಿತು. 2013ಕ್ಕೆ ಯಡಿಯೂರಪ್ಪ ಬಿಜೆಪಿಯಿಂದ ಹೊರಗೆ ಹೋಗಿ ಕೆಜೆಪಿ ಅನ್ನುವ ಸ್ವಂತ ಪಕ್ಷ ಕಟ್ಟಿದರು, ಸುಮಾರು ಶೇ 10ರಷ್ಟು ಮತ ಎಳೆದುಕೊಂಡರು. 2008ರಲ್ಲಿ 110 ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. ಇಲ್ಲೆಲ್ಲ ಆಡಳಿತ ಪಕ್ಷ ತನ್ನ ಮನೆಯನ್ನು ತಾನೇ ಕೆಡಿಸಿಕೊಂಡಿತ್ತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ನಡುವಿನ ಕುರ್ಚಿ ಪೈಪೋಟಿ ಸುದ್ದಿಯಾದಾಗಲೆಲ್ಲ ವಿರೋಧ ಪಕ್ಷದವರ ಮುಖ ಅರಳುವುದು ಇದಕ್ಕೇ.

ಇನ್ನು ಎರಡನೇ ಮಾತು, ಅಂದರೆ ಮೈತ್ರಿ. 2023ರಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 43, ಬಿಜೆಪಿಗೆ 36, ಜೆಡಿಎಸ್‌ಗೆ 13 ಮತ. 36ಕ್ಕೆ 13 ಕೂಡಿಸಿ, 49 ಆಯ್ತು, ಮುಗೀತು ಅಂತ ಹಲವರು ಹೇಳುತ್ತಾರೆ. ಈ ಲೆಕ್ಕ ಒಮ್ಮೆ ಕೈಕೊಟ್ಟಾಗಿದೆ. 2018ರಲ್ಲಿ ಕಾಂಗ್ರೆಸ್‌ಗೆ 38, ಜೆಡಿಎಸ್‌ಗೆ 18, ಎರಡೂ ಸೇರಿ 56. ಮರುವರ್ಷ ಲೋಕಸಭೆಗೆ ಇಬ್ಬರೂ ಕೈಜೋಡಿಸಿ ನಿಂತರು. ಬಂದಿದ್ದು ತಲಾ ಒಂದು ಸೀಟು. ತುಮಕೂರಿನಲ್ಲಿ ಖುದ್ದು ದೇವೇಗೌಡರೇ ಸೋತರು. ನಾಯಕರು ವೇದಿಕೆ ಮೇಲೆ ಕೈ ಎತ್ತಿ ನಿಂತ ಮಾತ್ರಕ್ಕೆ ಇಪ್ಪತ್ತು ವರ್ಷ ಜಗಳ ಆಡಿದ ಕಾರ್ಯಕರ್ತ ಎದುರಾಳಿಯ ಚಿಹ್ನೆಗೆ ಬಟನ್ ಒತ್ತುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. 2018ರಲ್ಲಿ ಬಿಜೆಪಿಗೆ ಶೇ 36 ಮತ, 104 ಸೀಟು. 2023ರಲ್ಲೂ ಅದೇ 36, ಸೀಟು ಮಾತ್ರ 66. ಒಳಗೊಳಗೆ ಏರುಪೇರು ಆಗಿದ್ದು ಹೌದು. ಉತ್ತರ ಕರ್ನಾಟಕದಲ್ಲಿ ಕಳೆದುಕೊಂಡದ್ದನ್ನು ಹಳೇ ಮೈಸೂರು ಕಡೆ ಗಳಿಸಿಕೊಂಡಿತು, ಆದರೆ ಅಲ್ಲಿ ಸಿಕ್ಕ ಮತ ಸೀಟಾಗಲಿಲ್ಲ. ಮಂಡ್ಯದ ಏಳರಲ್ಲಿ ಬಿಜೆಪಿಗೆ ಸಿಕ್ಕಿದ್ದು ಸೊನ್ನೆ. ರಾಜ್ಯದ ಮಟ್ಟದಲ್ಲಿ ನಿಜಕ್ಕೂ ಕರಗಿದ್ದು ಜೆಡಿಎಸ್ ಮತ. ಅದು ಐದು ಅಂಶ ಇಳಿಯಿತು, ಹೆಚ್ಚುಕಡಿಮೆ ಅಷ್ಟೇ ಕಾಂಗ್ರೆಸ್‌ಗೆ ಏರಿತು. ಅಂದರೆ ಬಿಜೆಪಿ ಹೆಚ್ಚು ಸೀಟು ಗೆಲ್ಲುವುದು ಎದುರಿನ ಮತ ಎರಡು ಪಾಲಾದಾಗ. 2018ರಲ್ಲಿ ಕಾಂಗ್ರೆಸ್‌ಗಿಂತ ಕಡಿಮೆ ಮತ ಪಡೆದೂ ಅದು ದೊಡ್ಡ ಪಕ್ಷವಾಗಿದ್ದು ಹಾಗೇ.

ಈಗ ಮೈತ್ರಿಯಿಂದ ಏನಾಗುತ್ತದೆ? ತ್ರಿಕೋನ ಸ್ಪರ್ಧೆ ಹೋಗಿ ನೇರ ಹಣಾಹಣಿ ಬರುತ್ತದೆ. ಜೆಡಿಎಸ್‌ಗೆ ಬೀಳುತ್ತಿದ್ದ ಮುಸ್ಲಿಂ ಮತ ಬಿಜೆಪಿ ಜೊತೆಗಿನ ಟಿಕೆಟ್‌ಗೆ ಬೀಳುವುದು ಕಷ್ಟ. ಮೈತ್ರಿ ಬೇಡ ಅಂದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರನ್ನೇ 2023ರ ಅಕ್ಟೋಬರ್‌ನಲ್ಲಿ ಜೆಡಿಎಸ್ ಆ ಸ್ಥಾನದಿಂದ ಇಳಿಸಿತು.

ಚನ್ನಪಟ್ಟಣದ ಕತೆ ಇದನ್ನೆಲ್ಲ ಒಂದೇ ಕಡೆ ತೋರಿಸುತ್ತದೆ. 2023ರಲ್ಲಿ ಅಲ್ಲಿ ಕುಮಾರಸ್ವಾಮಿ 96 ಸಾವಿರ ಮತ ಪಡೆದು ಗೆದ್ದರು. ಬಿಜೆಪಿಯ ಸಿ.ಪಿ. ಯೋಗೇಶ್ವರ್‌ಗೆ 80 ಸಾವಿರ, ಕಾಂಗ್ರೆಸ್‌ಗೆ ಬರೀ 15 ಸಾವಿರ. ಕುಮಾರಸ್ವಾಮಿ ಲೋಕಸಭೆಗೆ ಹೋದ ಮೇಲೆ ಆ ಸ್ಥಾನ ಖಾಲಿಯಾಯಿತು. ಕೂಡಿಸುವವರ ಪ್ರಕಾರ 2024ರ ನವೆಂಬರ್‌ನ ಉಪಚುನಾವಣೆ ಮೈತ್ರಿಗೆ ಅನಾಯಾಸವಾಗಿ ಸಿಗಬೇಕಿತ್ತು. ಟಿಕೆಟ್ ಯಾರಿಗೆ ಅನ್ನುವಲ್ಲಿ ಎಡವಟ್ಟಾಯಿತು. ಯೋಗೇಶ್ವರ್ ಕಾಂಗ್ರೆಸ್‌ಗೆ ಹಾರಿದರು. ಜೆಡಿಎಸ್‌ನಿಂದ ಕುಮಾರಸ್ವಾಮಿ ಮಗ ನಿಖಿಲ್ ನಿಂತರು, ಸುಮಾರು 25 ಸಾವಿರ ಮತಗಳಿಂದ ಸೋತರು. ಬಿಜೆಪಿ ತನ್ನದು ಅಂದುಕೊಂಡಿದ್ದ ಮತದ ದೊಡ್ಡ ಪಾಲು ಯೋಗೇಶ್ವರ್ ಜೊತೆಗೇ ಎದ್ದು ಹೋಯಿತು. ಅದೇ ಸುತ್ತಿನಲ್ಲಿ ಶಿಗ್ಗಾವಿ, ಸಂಡೂರು ಕೂಡ ಕಾಂಗ್ರೆಸ್ ಪಾಲಾದವು.

ಲೋಕಸಭೆಯ ಮಾತು ಬೇರೆ. 2024ರಲ್ಲಿ ಬಿಜೆಪಿ 17, ಜೆಡಿಎಸ್ 2 ಗೆದ್ದವು. ಬೆಂಗಳೂರು ಗ್ರಾಮಾಂತರದಲ್ಲಿ ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಕಮಲದ ಚಿಹ್ನೆಯಲ್ಲೇ ನಿಂತು ಡಿ.ಕೆ. ಸುರೇಶ್ ಅವರನ್ನು ಎರಡೂವರೆ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಸೋಲಿಸಿದರು. ಮೋದಿ ಹೆಸರು ಇತ್ತು, ಹಂಚಿಕೊಳ್ಳಬೇಕಿದ್ದದ್ದು ಬರೀ 28 ಸೀಟು, ಅದರಲ್ಲಿ ಜೆಡಿಎಸ್ ಮೂರಕ್ಕೆ ಒಪ್ಪಿತ್ತು. ಅಷ್ಟಿದ್ದೂ ಕಲ್ಯಾಣ ಕರ್ನಾಟಕದ ಐದಕ್ಕೆ ಐದೂ ಕಾಂಗ್ರೆಸ್‌ಗೆ ಹೋದವು. ಈ ತೂತು ವಿಧಾನಸಭೆಯಲ್ಲಿ ಇನ್ನೂ ದೊಡ್ಡದು. 2023ರಲ್ಲಿ ಪರಿಶಿಷ್ಟ ಪಂಗಡದ 15 ಮೀಸಲು ಕ್ಷೇತ್ರಗಳಲ್ಲಿ ಬಿಜೆಪಿ ಒಂದನ್ನೂ ಗೆದ್ದಿಲ್ಲ. ಈ ಕ್ಷೇತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು ಸೀಮೆಯವು, ಅಲ್ಲಿ ದೇವೇಗೌಡರ ಕುಟುಂಬದ ಪ್ರಭಾವ ಅಷ್ಟಕ್ಕಷ್ಟೆ.

ಗ್ಯಾರಂಟಿಗಳ ಬಗ್ಗೆ ವಿರೋಧ ಪಕ್ಷದ ದನಿ ಮೆತ್ತಗಾಗಿದ್ದನ್ನು ಗಮನಿಸಿರಬಹುದು. ತಿಂಗಳಿಗೆ 2,000 ರೂಪಾಯಿ ಪಡೆಯುವ ಮನೆಯೊಡತಿಯ ಮುಂದೆ ನಿಂತು ಗೃಹಲಕ್ಷ್ಮಿ ತಪ್ಪು ಅನ್ನಲು ಯಾರಿಗೂ ಧೈರ್ಯವಿಲ್ಲ. ಅದೂ ಮಧ್ಯಪ್ರದೇಶ, ಮಹಾರಾಷ್ಟ್ರಗಳಲ್ಲಿ ಇಂಥದ್ದೇ ಯೋಜನೆ ಕೊಟ್ಟು ಬಿಜೆಪಿಯೇ ಗೆದ್ದ ಮೇಲೆ! ಹಾಗಾಗಿ ಕಂತು ತಡವಾಯ್ತು, ಹಾಲು ತುಟ್ಟಿಯಾಯ್ತು, ಬಸ್ ದರ ಏರಿತು ಅನ್ನುವ ಕಡೆಗೆ ಮಾತು ತಿರುಗಿದೆ. ಜಾಣ ನಡೆಯೇ. ಆದರೆ "ನಾವು ಬಂದರೆ ಏನು ಕೊಡ್ತೀವಿ" ಅನ್ನುವುದಕ್ಕೆ ಇನ್ನೂ ಉತ್ತರ ಇಲ್ಲ.

ಬಿಜೆಪಿಯ ಒಳಜಗಳವೂ ಸಣ್ಣದಲ್ಲ. 2023ರ ನವೆಂಬರ್‌ನಲ್ಲಿ ವಿಜಯೇಂದ್ರ ರಾಜ್ಯಾಧ್ಯಕ್ಷರಾದಾಗಿನಿಂದ ಎದ್ದ ಅಸಮಾಧಾನ, 2025ರ ಮಾರ್ಚ್‌ನಲ್ಲಿ ಬಸನಗೌಡ ಪಾಟೀಲ ಯತ್ನಾಳ ಅವರ ಆರು ವರ್ಷಗಳ ಉಚ್ಚಾಟನೆವರೆಗೆ ಹೋಯಿತು. ಯತ್ನಾಳ ಇನ್ನೊಬ್ಬ ಯಡಿಯೂರಪ್ಪ ಆಗಲಾರರು, ಅಷ್ಟು ಮತ ಅವರ ಹಿಂದಿಲ್ಲ. ಆದರೆ ಉತ್ತರ ಕರ್ನಾಟಕದ ಹತ್ತಾರು ಬಿಗಿ ಕ್ಷೇತ್ರಗಳಲ್ಲಿ ಎರಡು-ಮೂರು ಸಾವಿರ ಮತ ಕದಲಿದರೂ ಏಟು ಏಟೇ.

ಇನ್ನೊಂದು ಮಾತು: 224ರ ಸದನದಲ್ಲಿ 113ರ ಗೆರೆಯನ್ನು ಬಿಜೆಪಿ ಸ್ವಂತ ಬಲದಲ್ಲಿ ಒಂದು ಚುನಾವಣೆಯಲ್ಲೂ ದಾಟಿಲ್ಲ. ಹಾಗಾಗಿ ಅದಕ್ಕೆ ಜೆಡಿಎಸ್ ಬೇಕು. ಜೆಡಿಎಸ್‌ಗೂ ಉಳಿಯಲು ಬಿಜೆಪಿ ಬೇಕು. ನನ್ನ ಪ್ರಕಾರ ಪೈಪೋಟಿ ನೀಡುವ ಶಕ್ತಿ ಮೈತ್ರಿಗೆ ಖಂಡಿತ ಇದೆ, ಕಾದು ಕೂತರೆ ಗೆಲ್ಲುವಷ್ಟು ಇಲ್ಲ. ಎಲ್ಲ ನಿಂತಿರುವುದು ಸೀಟು ಹಂಚಿಕೆ ಮೇಲೆ.

ಹಾಸನ ಕ್ಷೇತ್ರವನ್ನೇ ತಗೊಳ್ಳಿ. 2018ರಲ್ಲಿ ಬಿಜೆಪಿಯ ಪ್ರೀತಂ ಗೌಡ ಗೆದ್ದರು, 2023ರಲ್ಲಿ ಅವರನ್ನು ಜೆಡಿಎಸ್‌ನ ಸ್ವರೂಪ್ ಪ್ರಕಾಶ್ ಸೋಲಿಸಿದರು. 2024ರ ಆಗಸ್ಟ್‌ನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನ ವಿಷಯದ ಮೈಸೂರು ಪಾದಯಾತ್ರೆ ಹೊತ್ತಿಗೆ ಇದೇ ಪ್ರೀತಂ ಗೌಡರ ಹೆಸರೆತ್ತಿ ಕುಮಾರಸ್ವಾಮಿ ಮೊದಲು ಬೆಂಬಲವಿಲ್ಲ ಅಂದಿದ್ದರು, ಆಮೇಲೆ ಬಂದು ಹೆಜ್ಜೆ ಹಾಕಿದರು. ಒಂದು ಪಾದಯಾತ್ರೆಗೇ ಇಷ್ಟಾದರೆ, ಹಾಸನದ ಟಿಕೆಟ್ ಇಬ್ಬರಲ್ಲಿ ಯಾರಿಗೆ ಅಂತ ತೀರ್ಮಾನ ಮಾಡುವ ದಿನ ಏನಾಗಬಹುದು, ನೀವೇ ಯೋಚಿಸಿ.