ಕಲರ್ ಆಮೇಲೆ, ಮೊದ್ಲು ಬೈಟ್ ನೆಟ್ಟಗಿದೆಯಾ ನೋಡಿ

ದೋಣಿ ಹತ್ತಿ ಅರ್ಧ ಗಂಟೆ ಆಗಿರಲ್ಲ, "ಸರ್, ಕಲರ್ ಚೇಂಜ್ ಮಾಡ್ಲಾ?" ಅಂತ ಶುರು ಆಗತ್ತೆ, ಗಾಳದ ಕೊಕ್ಕೆಗೆ ಸಿಕ್ಕಿಸೋ ಮೆತ್ತನೆ ಪ್ಲಾಸ್ಟಿಕ್ ಬೈಟಿನ ಕಲರ್. ಅಮೆರಿಕದ ಕಾನ್ಸಸ್ ಸಿಟಿ ಸುತ್ತಮುತ್ತ, ಕ್ಲಿಂಟನ್ ಲೇಕ್, ಹಿಲ್ಸ್‌ಡೇಲ್ ಕಡೆ ಜನರನ್ನ ಬಾಸ್ ಮೀನು ಹಿಡಿಯೋಕೆ ಕರ್ಕೊಂಡು ಹೋಗೋದು ನನ್ನ ಕೆಲಸ, ನಮ್ಮ ಕನ್ನಡದವರೂ ಸುಮಾರು ಜನ ಬರ್ತಾರೆ, ಬಂದ್ರೆ ನಂಗೆ ಖುಷೀನೇ. ಆದ್ರೆ ಈ ಕಲರ್ ಪ್ರಶ್ನೆ ಕೇಳಿದಾಗೆಲ್ಲ ನಾನು ಹೇಳೋದು ಒಂದೇ, ಲೈನ್ ಸುತ್ತಿ, ಬೈಟ್ ಮೇಲಕ್ಕೆ ತನ್ನಿ, ನೋಡೋಣ. ನೋಡಿದ್ರೆ ಅದು ಹುಕ್ ಮೇಲೆ ಸೊಟ್ಟಗೆ, ಒಂದ್ ಕಡೆ ಸುಕ್ಕಾಗಿ ಕೂತಿರತ್ತೆ. ಪ್ಯಾಕೆಟ್ಟಲ್ಲಿರೋ ಅಷ್ಟೂ ಕಲರ್ ಹಾಕಿದ್ರೂ ಅದು ನೆಟ್ಟಗಾಗಲ್ಲ.

ಇದು ಎಲ್ಲಿಂದ ಬರತ್ತೆ ಅಂತ ನಂಗೆ ಗೊತ್ತು. ಊರಲ್ಲಿ ಕೆರೆ ಏರಿ ಮೇಲೆ ಕೂತು ಗಾಳ ಹಾಕಿದವರ ಕೈಗೆ ಎರೆಹುಳು ಅಭ್ಯಾಸ, ಮಡಚಿ ಮಡಚಿ ಚುಚ್ಚಿದ್ರೂ ನಡೆಯತ್ತೆ, ಯಾಕಂದ್ರೆ ಹುಳಕ್ಕೆ ಜೀವ ಇದೆ, ವಾಸನೆ ಇದೆ, ಅದೇ ಒದ್ದಾಡಿ ಮೀನು ಕರೆಯತ್ತೆ. ಪ್ಲಾಸ್ಟಿಕ್ ಬೈಟ್‌ಗೆ ಮುಖ್ಯವಾಗಿ ಇರೋದು ಆಕಾರ, ಮತ್ತೆ ನೀರಲ್ಲಿ ಅದು ಬೀಳೋ ರೀತಿ. ಆ ಎರಡನ್ನೂ ಕೆಡಿಸ್ಬಿಟ್ರೆ ಉಳಿಯೋದು ಏನು?

ಜಿಗ್ ಹೆಡ್ ಅಂದ್ರೆ ತಲೆಗೆ ಲೋಹದ ಭಾರ ಇರೋ ಹುಕ್. ಅದು ಭಾರದ್ದಾದ್ರೆ ಸ್ವಲ್ಪ ಹೆಚ್ಚುಕಮ್ಮಿ ಮುಚ್ಚಿಹೋಗತ್ತೆ. ಅರ್ಧ ಔನ್ಸ್ ಅಂದ್ರೆ ಸುಮಾರು 14 ಗ್ರಾಂ, ಅದು ಬೈಟನ್ನ ತಲೆ ಕೆಳಗೆ ಮಾಡಿ ನೇರ ಎಳ್ಕೊಂಡು ಹೋಗತ್ತೆ. ನಾವಿಲ್ಲಿ ಹಾಕೋದು 1/16 ಔನ್ಸ್, ಎರಡು ಗ್ರಾಮೂ ಇಲ್ಲ. ಅಷ್ಟು ಹಗುರದ ಹೆಡ್‌ಗೆ ಬೈಟನ್ನ ಹಿಡಿದಿಡೋ ಶಕ್ತಿ ಇಲ್ಲ, ಯಾವ ಕಡೆ ಹೋಗ್ಬೇಕು ಅನ್ನೋದನ್ನ ಪ್ಲಾಸ್ಟಿಕ್ಕೇ ತೀರ್ಮಾನ ಮಾಡತ್ತೆ. ಸೊಟ್ಟಗಿದ್ರೆ ಗಿರಗಿರ ಸುತ್ತುತ್ತಾ ಬೀಳತ್ತೆ, ಎಳೆದಾಗ ಒಂದು ಪಕ್ಕಕ್ಕೆ ವಾಲತ್ತೆ, ಲೈನ್‌ಗೆ ತಿರುಚು ಬೀಳತ್ತೆ, ಸ್ವಲ್ಪ ಹೊತ್ತಿಗೆ ಸ್ಪಿನ್ನಿಂಗ್ ರೀಲಿಂದ ಕುಣಿಕೆ ಕುಣಿಕೆಯಾಗಿ ಆಚೆ ಬಂದು ಗಂಟಾಗತ್ತೆ, ಆಮೇಲೆ "ಸರ್ ಈ ರೀಲ್ ಸರಿ ಇಲ್ಲ" ಅಂತಾರೆ. ಬಾಸ್ ಎಷ್ಟೋ ಸಲ ಕಚ್ಚೋದೇ ಬೈಟ್ ಕೆಳಗೆ ಇಳಿಯುವಾಗ. ಸುತ್ತೋ ಬೈಟ್‌ಗೆ ಯಾವತ್ತೂ ಮೀನು ಬೀಳಲ್ಲ ಅಂತ ನಾನು ಹೇಳ್ತಿಲ್ಲ, ಬಿದ್ದಿದ್ದು ನೋಡಿದ್ದೀನಿ, ಆದ್ರೆ ಅದನ್ನ ನಂಬ್ಕೊಂಡು ದುಡ್ಡು ಕೊಟ್ಟು ದೋಣಿ ಹತ್ತಬೇಡಿ.

ಸರಿ, ಹೇಗೆ ಹಾಕೋದು. ಮೊದ್ಲು ಅಳತೆ, ದಯವಿಟ್ಟು ಅಳತೆ. ಜಿಗ್ ಹೆಡ್ಡನ್ನ ಬೈಟ್ ಪಕ್ಕ ಇಟ್ಟು ಹಿಡಿರಿ, ಬೈಟ್ ಮೂತಿ ಹೆಡ್‌ನ ಹಿಂಭಾಗಕ್ಕೆ ತಾಗಿರಬೇಕು. ಹುಕ್ ಎಲ್ಲಿ ಬಾಗತ್ತೋ ಆ ಜಾಗಕ್ಕೆ ಬೈಟ್ ಬೆನ್ನ ಮೇಲೆ ಉಗುರಲ್ಲಿ ಒಂದು ಗುರುತು. ಹುಕ್ ತುದಿ ಆಚೆ ಬರಬೇಕಾದ್ದು ಅಲ್ಲೇ. ಗುರುತಿಗಿಂತ ಮುಂಚೆ ಬಂದ್ರೆ ಪ್ಲಾಸ್ಟಿಕ್ ಸಾಕಾಗಲ್ಲ, ಎಳೆದು ಕೂರಿಸ್ತೀರಿ, ನಾಲ್ಕು ಸಲ ಎಸೆಯೋಷ್ಟ್ರಲ್ಲಿ ಮೂತಿ ಹೆಡ್ ಬಿಟ್ಟು ಕೆಳಗೆ ಜಾರಿರತ್ತೆ. ಗುರುತು ದಾಟಿ ಬಂದ್ರೆ ಪ್ಲಾಸ್ಟಿಕ್ ಜಾಸ್ತಿಯಾಗಿ ಮಧ್ಯದಲ್ಲಿ ಗೂನು ಬೀಳತ್ತೆ. ಬೆನ್ನ ಮಧ್ಯದ ಗೆರೆ ಬಿಟ್ಟು ಪಕ್ಕಕ್ಕೆ ಬಂದ್ರೆ ಇಡೀ ಬೈಟ್ ಓರೆ. ಅಚ್ಚಲ್ಲಿ ಮಾಡಿದ ಬೈಟ್‌ಗಳ ಮೇಲೆ ಸಣ್ಣ ಜೋಡಣೆ ಗೆರೆ ಇರತ್ತೆ, ಬೆಳಕಿಗೆ ಹಿಡಿದ್ರೆ ಕಾಣತ್ತೆ, ಅದು ಬೆನ್ನ ಮಧ್ಯ ಹೋಗಿದ್ರೆ ಅದನ್ನೇ ಹಿಡ್ಕೊಂಡು ಹೋಗಿ.

ಇನ್ನು ಒಳಗೆ ತೂರಿಸೋದು. ತುಮಕೂರು ಕಡೆಯ ಅಮ್ಮ ಒಬ್ರು ಮಗನ ಮನೆಗೆ ಬಂದವರು ಜೊತೇಲಿ ದೋಣಿಗೂ ಬಂದಿದ್ರು. ಮೀನು ತಿನ್ನೋರಲ್ಲ, ಕೂತ ತಕ್ಷಣ "ಹಿಡಿದ್ಮೇಲೆ ಬಿಟ್ಬಿಡ್ತೀರಿ ತಾನೇನಪ್ಪಾ?" ಅಂತ ಖಾತ್ರಿ ಮಾಡ್ಕೊಂಡ್ರು. ಮಗ ಹುಕ್ಕನ್ನ ಬಲವಾಗಿ ನೂಕ್ತಾ ಇದ್ದ, ಪ್ರತಿ ಸಲಾನೂ ತುದಿ ಪಕ್ಕದಿಂದ ಆಚೆ ಬರ್ತಿತ್ತು. ಸುಮ್ನೆ ನೋಡಿ ನೋಡಿ ಅಮ್ಮಂಗೆ ತಡೀಲಿಲ್ಲ. "ಕೊಡೋ ಇಲ್ಲಿ, ಲಂಗಕ್ಕೆ ಲಾಡಿ ಪೋಣಿಸುವಾಗ ಪಿನ್ ನೂಕ್ತಾರಾ? ಪಿನ್ ಹಂಗೇ ಇಟ್ಕೊಂಡು ಬಟ್ಟೇನ ಅದರ ಮೇಲೆ ಸರಿಸ್ಕೋಬೇಕು" ಅಂದ್ರು. ನಾನು ವರ್ಷಗಟ್ಟಲೆ ಇಂಗ್ಲಿಷಲ್ಲಿ ವಿವರಿಸ್ತಿದ್ದದ್ದು ಅಷ್ಟೇ! ಹುಕ್ ಅಲ್ಲಾಡಬಾರದು. ಮೂತಿಯ ನಟ್ಟನಡುವೆ ತುದಿ ಇಟ್ಟು, ಪ್ಲಾಸ್ಟಿಕ್ಕನ್ನ ಸ್ವಲ್ಪ ಸ್ವಲ್ಪ ಹುಕ್ ಮೇಲೆ ಏರಿಸ್ತಾ ಹೋಗಿ, ಗುರುತು ಬಂದಾಗ ತುದಿ ಆಚೆ ತೆಗೀರಿ, ಕೊನೇಲಿ ಕೀಪರ್, ಅಂದ್ರೆ ಹೆಡ್ ಹಿಂದೆ ಬೈಟ್ ಹಿಡಿದಿಡೋ ಸಣ್ಣ ಮುಳ್ಳು, ಅದರ ಮೇಲೆ ಮೂತಿ ತಳ್ಳಿ. ತಳ್ಳೋ ಮುಂಚೆ ಜೆಲ್ ಸೂಪರ್ ಗ್ಲೂ ಒಂದು ತೊಟ್ಟು ಹಾಕಿದ್ರೆ ಜಾರೋ ಕಾಟ ಬಹಳ ಕಮ್ಮಿ. ಅಮ್ಮ ಅವತ್ತು ಆಮೇಲೆ ಎಲ್ಲರ ಬೈಟೂ ತಾವೇ ಹಾಕಿಕೊಟ್ರು, ಒಂದೂ ಸೊಟ್ಟಗಿರ್ಲಿಲ್ಲ.

ಹಗುರದ ಹೆಡ್‌ಗೆ ಸಣ್ಣ ಬೈಟ್ ಹಾಕೋ ಈ ಪದ್ಧತಿ ಇದೇ ಸೀಮೇದು, ಇದಕ್ಕೆ ನೆಡ್ ರಿಗ್ ಅಂತಾರೆ. ಲಾರೆನ್ಸ್ ಊರಿನ ನೆಡ್ ಕೇಡಿ ಅವರಿಂದಲೇ ಆ ಹೆಸರು ಬಂದಿದ್ದು, ಅವರು ಸ್ಟ್ರೈಕ್ ಕಿಂಗ್ ಝೀರೋ ಅನ್ನೋ ಐದಿಂಚಿನ ಬೈಟನ್ನ ಅರ್ಧ ಕತ್ತರಿಸಿ ಅಣಬೆ ಆಕಾರದ ಸಣ್ಣ ಹೆಡ್‌ಗೆ ಹಾಕ್ತಿದ್ರು. ನೀವೂ ಕತ್ತರಿಸೋದಾದ್ರೆ ಚೂಪಾದ ಕತ್ತರಿ ತಗೊಳ್ಳಿ, ಕತ್ತರಿಸಿದ ಮುಖ ಹೆಡ್ ಕಡೆ ಬರೋದಾದ್ರೆ ಅದು ಚಪ್ಪಟೆಯಾಗಿರ್ಲಿ, ಓರೆಯಾಗಿದ್ರೆ ಅಣಬೆ ಹೆಡ್‌ಗೆ ಅದು ಕೂರೋದೇ ಓರೆಯಾಗಿ. ಆ ಥರದ, ಎಲಾಸ್ಟೆಕ್ ಅನ್ನೋ ರಬ್ಬರಿನ ಹಾಗೆ ಹಿಗ್ಗೋ ಪ್ಲಾಸ್ಟಿಕ್ ನೀರಲ್ಲಿ ತೇಲತ್ತೆ, ಹಾಗಾಗಿ ಹೆಡ್ ತಳ ಮುಟ್ಟಿದಾಗ ಬಾಲ ಮೇಲೆದ್ದು ನಿಲ್ಲತ್ತೆ, ಆ ನಿಂತ ಬಾಲಕ್ಕೇ ಎಷ್ಟೋ ಮೀನು ಬರೋದು. ಉಪ್ಪು ತುಂಬಿದ ಮಾಮೂಲಿ ಬೈಟ್ ಮಲಗಿಬಿಡತ್ತೆ.

ಹಾಕಿ ಆದ್ಮೇಲೆ ದೂರ ಎಸೀಬೇಡಿ. ದೋಣಿ ಪಕ್ಕದಲ್ಲೇ, ತಿಳಿ ನೀರಲ್ಲಿ ಎರಡು ಮೂರು ಅಡಿ ಎಳೆದು ಕಣ್ಣಾರೆ ನೋಡಿ. ಸುತ್ತಿದ್ರೆ ಬಿಚ್ಚಿ ಮತ್ತೆ ಹಾಕಿ, ಅದಕ್ಕೆ ಒಂದು ನಿಮಿಷಾನೂ ಬೇಡ. ಪ್ರತಿ ಮೀನು ಬಿಡಿಸಿದ ಮೇಲೂ, ಕಲ್ಲಿಗೋ ಕಳೆಗೋ ಸಿಕ್ಕಿ ಎಳೆದ ಮೇಲೂ ಮತ್ತೆ ನೋಡಿ. ಹಳೇ ತೂತು ಹಿಗ್ಗಿದ್ರೆ ಮೂತಿ ಕಡೆ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಶುರು ಮಾಡಿ, ಬೈಟ್ ಗಿಡ್ಡ ಆಯ್ತು ಅಂತ ಬೇಜಾರು ಬೇಡ.

ಇನ್ನೊಂದು, ಎಲಾಸ್ಟೆಕ್ ಬೈಟನ್ನ ಬೇರೆ ಮಾಮೂಲಿ ಪ್ಲಾಸ್ಟಿಕ್ ಜೊತೆ ಒಂದೇ ಡಬ್ಬೀಲಿ ಹಾಕ್ಬೇಡಿ, ಎರಡೂ ಕರಗಿ ಅಂಟಂಟಾಗತ್ತೆ. ಅದು ಬಂದ ಪ್ಯಾಕೆಟ್ಟಲ್ಲೇ ಇರ್ಲಿ, ಬಾಲ ಮಡಚಿಕೊಳ್ಳದ ಹಾಗೆ ನೆಟ್ಟಗೆ ಮಲಗಿಸಿಡಿ.